ಒಂದೇ ಹಗ್ಗದ ಬೆಳಗು

ಆ ಊರಲ್ಲಿ ಬೆಳಗು ತಾನಾಗಿ ಆಗುತ್ತಿರಲಿಲ್ಲ. ಜನ ಎದ್ದು ಅದನ್ನು ಕಟ್ಟಬೇಕಾಗಿತ್ತು.

ಸೂರ್ಯ ಬರುತ್ತಿದ್ದ, ಇಲ್ಲ ಅನ್ನೋಲ್ಲ. ಬಂದು ಮೇಲೆ ನಿಂತು ಬೆಪ್ಪನ ಹಾಗೆ ನೋಡುತ್ತಿದ್ದ. ಕೆಳಗೆ ನೋಡೋಕೆ ಏನಿದೆ? ಸಂಜೆಯಾದ ಕೂಡಲೇ ಊರು ಬಿಚ್ಚಿಕೊಂಡುಬಿಡುತ್ತಿತ್ತು. ದಾರಿ ಚಾಪೆಯ ಹಾಗೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಬಾಗಿಲುಗಳು ಚೌಕಟ್ಟು ಬಿಟ್ಟು ಗೋಡೆಗೆ ಒರಗುತ್ತಿದ್ದವು. ಬಾವಿಯ ನೀರು ನೆಲದೊಳಕ್ಕೆ ಇಳಿದು ಮಲಗುತ್ತಿತ್ತು. ಜನರ ನಗು ಕೂಡ ಅವರವರ ಮುಖ ಬಿಟ್ಟು ಕುಡಿಕೆಯೊಳಗೆ ಹೋಗಿ ಮುದುರಿಕೊಳ್ಳುತ್ತಿತ್ತು.

ಬೆಳಿಗ್ಗೆ ನೀರಿನವಳು ನೀರನ್ನು ಕರೆದು ಎಬ್ಬಿಸಬೇಕು. ದಾರಿಯವನು ದಾರಿ ಹಾಸಬೇಕು. ಬಾಗಿಲಿನವನು ಬಾಗಿಲು ಸಿಕ್ಕಿಸಬೇಕು. ನಗೆಯವನು ಮನೆಮನೆಗೆ ಹೋಗಿ ಕುಡಿಕೆಗಳ ಬಾಯಿ ಬಿಚ್ಚಬೇಕು. ಒಬ್ಬೊಬ್ಬರ ಕೆಲಸಕ್ಕೂ ಒಂದೊಂದು ದಾರ. ನೀರಿನ ದಾರ ದಾರಿಗೆ, ದಾರಿಯ ದಾರ ಬಾಗಿಲಿಗೆ, ಬಾಗಿಲಿನ ದಾರ ನಗುವಿಗೆ. ಎಲ್ಲ ಗಂಟೂ ಬಿದ್ದರೆ ಬೆಳಗಾಯಿತು ಅಂತ ಲೆಕ್ಕ.

ಊರಿಗೆ ಇದ್ದದ್ದು ಒಂದೇ ನಿಯಮ. ಯಾರು ಹಾಕಿದ ಗಂಟನ್ನೂ ಯಾರು ಬೇಕಾದರೂ ಬಿಚ್ಚಬಹುದು; ಬಿಚ್ಚಲಾಗದ ಗಂಟನ್ನು ಯಾರೂ ಹಾಕಬಾರದು. ಅದಕ್ಕೇ ಅಲ್ಲಿ ಎಲ್ಲವೂ ಜಾರುಗಂಟು, ತುದಿ ಹಿಡಿದು ಎಳೆದರೆ ಸುರ್ರನೆ ಬಿಟ್ಟುಕೊಳ್ಳುವಂಥದ್ದು. ಗಂಟು ಹಾಕಿದವರು ‘ಹಾಕಿದೆ’ ಅನ್ನಬೇಕು. ಮುಂದಿನವರು ಅದನ್ನು ಎಳೆದು, ಬಿಚ್ಚಿ, ತಿರುಗಿ ಹಾಕಿ, ‘ಬಿಚ್ಚಿ ನೋಡಿದೆ’ ಅನ್ನಬೇಕು. ಆ ಮಾತು ಬಾಯಿಂದ ಬಂದಮೇಲೆ ಮತ್ತೆ ಯಾರೂ ಪ್ರಶ್ನೆ ಕೇಳುವಂತಿಲ್ಲ. ನಂಬಬೇಕು, ಅಷ್ಟೇ. ಹಾಕಿದೆ, ಬಿಚ್ಚಿ ನೋಡಿದೆ. ಹಾಕಿದೆ, ಬಿಚ್ಚಿ ನೋಡಿದೆ. ದೂರದಿಂದ ಕೇಳಿದವರಿಗೆ ಇಡೀ ಊರೇ ಬಾಯಿಪಾಠ ಒಪ್ಪಿಸುತ್ತಿದೆ ಅನಿಸಬೇಕು.

ನಗೆಯವನದು ಊರಿನಲ್ಲೇ ಹಗುರವಾದ ಕೆಲಸ, ಅದಕ್ಕೇ ಅವನ ತಲೆಯೂ ಹಗುರ ಅಂತ ಜನ ಆಡಿಕೊಳ್ಳುತ್ತಿದ್ದರು. ಅವನಿಗೇನೂ ಬೇಜಾರಿಲ್ಲ. ತಲೆ ಭಾರ ಇದ್ದವರೆಲ್ಲ ಕತ್ತು ನೋವು ಅಂತ ಒದ್ದಾಡೋದನ್ನು ಅವನು ಕಂಡಿದ್ದ. ಒಂದು ಬೆಳಿಗ್ಗೆ ಅವನೂ ಅವನ ಗೆಳೆಯ ಹೊಲಿಗೆಯವನೂ ಸೇರಿ ಪೈಲ್ವಾನನ ಕುಡಿಕೆಯನ್ನು ಬೊಚ್ಚುಬಾಯಿ ಅಜ್ಜಿಯ ಕುಡಿಕೆಗೆ ಅದಲು ಬದಲು ಮಾಡಿಟ್ಟರು. ಪೈಲ್ವಾನ ಗರಡಿಯಲ್ಲಿ ತೊಡೆ ತಟ್ಟಿ ‘ಹಿಹ್ಹಿಹ್ಹಿ’ ಅಂದ. ಅಜ್ಜಿ ಎಲೆಅಡಿಕೆ ಕುಟ್ಟುತ್ತಾ ‘ಹಹ್ಹಾ’ ಅಂದದ್ದೇ ತಡ, ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು. ಮಧ್ಯಾಹ್ನಕ್ಕೆ ಪೈಲ್ವಾನ ತಾನೇ ಬಂದು ಗಂಟು ಬಿಚ್ಚಿ ತನ್ನ ನಗು ತಾನು ತಗೊಂಡು ಹೋದ. ಅಜ್ಜಿಗೇ ಕೊಡೋಕೆ ಮನಸ್ಸಿರಲಿಲ್ಲ. ಹೀಗೆ ಅಲ್ಲಿ ಕೀಟಲೆ ಮಾಡಿದರೂ ನಡೆಯುತ್ತಿತ್ತು. ಎಲ್ಲ ಬಿಚ್ಚಬಹುದಾದ್ದರಿಂದ ಯಾವ ತಪ್ಪೂ ಸಂಜೆಯ ತನಕ ಬಾಳುತ್ತಿರಲಿಲ್ಲ.

ಹೊಲಿಗೆಯವನು ಗೋಣಿ, ಕೌದಿ, ಹರಿದ ದಾರ ಎಲ್ಲ ಹೊಲಿದು ಕೊಡುವವನು. ಇಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು, ಜಾರುಗಂಟನ್ನು ಒಬ್ಬರ ಬೆರಳಿಗೆ ಒಬ್ಬರು ಹಾಕಿ ಕಲಿತವರು.

ನಗೆಯವನು ಯಾವತ್ತೂ ಬಿಚ್ಚದ ಕುಡಿಕೆ ಊರಲ್ಲಿ ಒಂದೇ ಇತ್ತು, ನೀರಿನವಳದು. ಕುಡಿಕೆಯ ದಾರವನ್ನು ಅವಳು ತನ್ನ ಸೆರಗಿಗೇ ಕಟ್ಟಿಕೊಂಡಿದ್ದಳು.

“ನನ್ನದು ಬಿಟ್ಬಿಡು ತಮ್ಮಾ,” ಅನ್ನುತ್ತಿದ್ದಳು. “ನನಗೆ ಯಾವಾಗ ನಗು ಬರುತ್ತೋ ಆವಾಗ ನಾನೇ ಬಿಚ್ಕೋತೀನಿ.”

ಅವಳ ನಗು ಯಾರೂ ಕೇಳಿದವರಿಲ್ಲ. ಬಿಚ್ಚಿದರೆ ಹೆಂಚು ಹಾರಿಹೋಗುತ್ತೆ ಅಂತ ಕೆಲವರು. ಒಳಗೆ ಏನೂ ಇಲ್ಲ, ಖಾಲಿ ಕುಡಿಕೆ ಅಂತ ಕೆಲವರು. ನಗೆಯವನು ದಿನಾ ಅವಳ ಹೊಸ್ತಿಲಲ್ಲಿ ನಿಂತು ಒಂದು ಹೊಸ ತಮಾಷೆ ಹೇಳುತ್ತಿದ್ದ. ಹೇಳಿ ಮುಗಿಸಿ, ‘ಅಕ್ಕಾ, ಇವತ್ತು?’ ಅನ್ನುತ್ತಿದ್ದ. ಅವಳು ಸೆರಗಿನ ಗಂಟು ಮುಟ್ಟಿ ನೋಡಿ, ‘ಇಷ್ಟಕ್ಕಾ? ಹೋಗೋ’ ಅನ್ನುತ್ತಿದ್ದಳು. ಇಡೀ ಊರನ್ನು ನಗಿಸೋದು ಅವನಿಗೆ ಕೆಲಸ. ಅವಳು ತಾನೇ ಆ ಗಂಟು ಬಿಚ್ಚೋ ಹಾಗೆ ಮಾಡೋದು ಅವನ ಆಸೆ. ಬೇರೆ ಆಸೆ ಅಂತ ಅವನಿಗೆ ಇರಲಿಲ್ಲ.

ಈಗ ಕಷ್ಟದ ಮಾತಿಗೆ ಬರೋಣ. ಪ್ರತಿಯೊಬ್ಬರ ಗಂಟನ್ನೂ ಬಿಚ್ಚಿ ನೋಡುತ್ತಾ ಹೋದರೆ ಬೆಳಗು ಕಟ್ಟೋದು ಯಾವಾಗ? ತಿಂಡಿಯ ಹೊತ್ತಿಗೆ ಬೆಳಗಾಗಬೇಕಾದ್ದು ಊಟದ ಹೊತ್ತಿಗೆ ಆಗುತ್ತಿತ್ತು. ದಾರಿಯವನಿಗೂ ಬಾಗಿಲಿನವನಿಗೂ ಮಾತು ಬಿಟ್ಟಿತ್ತು. ಇವನು ದಾರಿ ಹಾಸಿದ ಕಡೆ ಅವನು ಬಾಗಿಲು ಇಡುತ್ತಿರಲಿಲ್ಲ. ಹೆಣ್ಣು ನೋಡೋಕೆ ಬಂದವರು ದಾರಿ ಹಿಡಿದು ನೆಟ್ಟಗೆ ಕೊಟ್ಟಿಗೆಗೆ ಹೋಗಿ, ಎಮ್ಮೆ ಎದುರು ಕೂತು, ಉಪ್ಪಿಟ್ಟಿಗೆ ಕಾದರು. ನಗೆಯವನಿಗೆ ಅವತ್ತು ಕುಡಿಕೆಗಳು ಸಾಲಲಿಲ್ಲ.

ಆದರೆ ಹೊಲಿಗೆಯವನ ಹೆಂಡತಿಗೆ ನೋವು ಕಾಣಿಸಿಕೊಂಡ ಬೆಳಿಗ್ಗೆ ಯಾರೂ ನಗಲಿಲ್ಲ. ಸೂಲಗಿತ್ತಿ ಬೀದಿಯ ತುದಿಯಲ್ಲಿ ನಿಂತಿದ್ದಳು, ದಾರಿ ಇನ್ನೂ ಬಂದಿರಲಿಲ್ಲ. ದಾರಿ ಬಂದಾಗ ಅದರ ತುದಿಗೆ ಬಾಗಿಲು ಇರಲಿಲ್ಲ, ಬರೀ ಗೋಡೆ. ಅವಳನ್ನು ಕರೆಯೋಕೆ ಹೋಗಿದ್ದ ಹೊಲಿಗೆಯವನು ಗೋಡೆಯ ಈಚೆ ನಿಂತೇ ಮಗುವಿನ ಅಳು ಕೇಳಿದ. ಮಗು ಉಳಿಯಿತು, ತಾಯಿಯೂ ಉಳಿದಳು. ಆದರೆ ಹೊಲಿಗೆಯವನು ಅವತ್ತಿನಿಂದ ನಗೆಯವನ ಜೊತೆ ಕೀಟಲೆಗೆ ಬರಲಿಲ್ಲ. ಅಂಗಳದಲ್ಲಿ ಕೂತು ದಬ್ಬಳ ಹಿಡಿದು ಏನೋ ಹೊಲಿಯತೊಡಗಿದ.

ಹೊಲಿದು ಮುಗಿಸಿದ ಮೇಲೆ ಊರಿನವರನ್ನು ಕಟ್ಟೆಗೆ ಕರೆದ.

“ಇನ್ನು ಬಿಡಿಬಿಡಿ ದಾರ ಬೇಡ,” ಅಂದ. “ನಿಮ್ಮ ಎಲ್ಲರ ದಾರವನ್ನೂ ಒಂದೇ ಹಗ್ಗಕ್ಕೆ ಹೊಲೀತೀನಿ. ಬೆಳಿಗ್ಗೆ ಒಬ್ಬರು ಒಂದು ಸಲ ಎಳೆದರೆ ಸಾಕು. ನೀರು, ದಾರಿ, ಬಾಗಿಲು ಎಲ್ಲ ಒಟ್ಟಿಗೇ ಏಳುತ್ತೆ, ಒಂದಕ್ಕೊಂದು ಹೊಂದಿಕೊಂಡೇ ಏಳುತ್ತೆ.”

ಬಾಗಿಲಿನವನು, “ಹಂಗಾದ್ರೆ ನಾನು ಈ ದಾರಿಯವನ ಮುಖ ನೋಡೋ ಹಂಗೇ ಇಲ್ವಾ?” ಅಂದ.

“ಇಲ್ಲ.”

“ಹೊಲಿ ಹಾಗಾದ್ರೆ. ಈಗಲೇ ಹೊಲಿ.”

ನೀರಿನವಳು ಎದ್ದು ನಿಂತಳು. “ಲೋ ಹೊಲಿಗೆಯವನೇ. ನನ್ನ ನೀರು ಒಂದು ದಿನ ಕೆಟ್ಟರೆ ನೀರು ಒಂದೇ ಕೆಡುತ್ತೆ. ನಿನ್ನ ಹಗ್ಗ ಕೆಟ್ಟರೆ?”

“ಹಗ್ಗ ಕೆಡಲ್ಲ ಅಕ್ಕ. ಕೆಟ್ಟರೂ ಗುಟ್ಟೇನಿಲ್ಲವಲ್ಲ, ಬಯಲಲ್ಲೇ ಬಿದ್ದಿರುತ್ತೆ. ಯಾರು ಬೇಕಾದರೂ ಬಂದು ನೋಡಿ, ಸರಿಮಾಡಿ.”

“ಬೆಟ್ಟಾನೂ ಬಯಲಲ್ಲೇ ಇದೆಯಪ್ಪ. ಎತ್ತೋಕಾಗುತ್ತಾ?”

ಕಟ್ಟೆಯ ಮೇಲೆ ಗುಜುಗುಜು ಆಯಿತು. ಹೊಲಿಗೆಯವನು ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಮೆಲ್ಲಗೆ, “ಗೋಡೆಯ ಈಚೆ ನಿಂತಿದ್ದವನು ನಾನು ಅಕ್ಕ. ನೀನಲ್ಲ,” ಅಂದ.

ನೀರಿನವಳು ಸೆರಗಿನ ಗಂಟು ಮುಟ್ಟಿ ನೋಡಿಕೊಂಡು ಹೇಳಿದಳು. “ಸರಿ. ಹಗ್ಗದಲ್ಲಿ ಒಂದೊಂದು ಗಂಟೂ ಜಾರುಗಂಟೇ ಆಗಿರಬೇಕು. ಬೇಡ ಅಂದವರು ತಮ್ಮದನ್ನ ಎಳ್ಕೊಂಡು ಆಚೆ ಬರೋ ಹಂಗಿರಬೇಕು. ಮತ್ತೆ ನನ್ನ ಕುಡಿಕೆ ಯಾರೂ ಮುಟ್ಟಕೂಡದು. ಇಷ್ಟನ್ನ ನಗೆಯವನು ಹೋಗಿ ಬಿಚ್ಚಿ ನೋಡಿ ಬಂದು ಹೇಳಲಿ. ದಿನವಿಡೀ ಸುಳ್ಳು ಹೇಳ್ತಾನೆ ನಿಜ. ಗಂಟಿನ ವಿಷಯದಲ್ಲಿ ಇವತ್ತಿನ ತನಕ ಹೇಳಿಲ್ಲ. ಅವನು ಹೇಳಿದರೆ ನೀರಿನ ದಾರ ಕೊಡ್ತೀನಿ.”

ನಗೆಯವನು ಎದೆ ಉಬ್ಬಿಸಿಕೊಂಡು ಗೆಳೆಯನ ಅಂಗಳಕ್ಕೆ ಹೋದ. ಹಗ್ಗ ಅಲ್ಲಿ ಹೆಬ್ಬಾವಿನ ಹಾಗೆ ಸುತ್ತಿಕೊಂಡು ಬಿದ್ದಿತ್ತು. ತೋಳಿನಷ್ಟು ದಪ್ಪ. ಎಷ್ಟು ಚೆಂದ ಹೊಲಿದಿದ್ದನೆಂದರೆ ಹೊಲಿಗೆ ಎಲ್ಲಿ ಶುರು, ಎಲ್ಲಿ ಮುಗಿಯಿತು, ಗೊತ್ತಾಗುತ್ತಿರಲಿಲ್ಲ. ಅಲ್ಲಲ್ಲಿ ಜಾರುಗಂಟಿನ ತುದಿಗಳು ಹೊರಗೆ ಇಣುಕುತ್ತಿದ್ದವು.

“ನೋಡು, ಎಲ್ಲ ಜಾರುಗಂಟೇ,” ಅಂದ ಹೊಲಿಗೆಯವನು.

ನಗೆಯವನು ಒಂದು ತುದಿಗೆ ಕೈ ಚಾಚಿದ.

“ಏನೋ?” ಅಂದ ಹೊಲಿಗೆಯವನು. ದನಿ ಸಣ್ಣಗಾಗಿತ್ತು. “ನಮ್ಮಿಬ್ಬರ ನಡುವೆನೂ ಬಿಚ್ಚಿ ನೋಡ್ಬೇಕೇನೋ?”

ಒಳಗೆ ತೊಟ್ಟಿಲಲ್ಲಿ ಮಗು ನಿದ್ದೆಯಲ್ಲೇ ಲೊಚಗುಟ್ಟಿತು. ಚಾಚಿದ ಕೈಯನ್ನು ಸುಮ್ಮನೆ ಹಿಂದಕ್ಕೆ ತಂದರೆ ಚೆನ್ನಾಗಿರೋಲ್ಲ ಅಂತ ನಗೆಯವನು ಅದರಿಂದಲೇ ಗೆಳೆಯನ ತಲೆಗೆ ಒಂದು ಮೊಟಕಿದ. ಇಬ್ಬರೂ ನಕ್ಕರು. ಹಳೇ ಕಾಲದ ಹಾಗೆ ನಕ್ಕರು. ಕಟ್ಟೆಗೆ ಬಂದು ನಗೆಯವನು ಎಲ್ಲರ ಎದುರು ನಿಂತು ಹೇಳಿದ.

“ಬಿಚ್ಚಿ ನೋಡಿದೆ.”

ನೀರಿನವಳು ಅವನ ಮುಖವನ್ನೇ ನೋಡಿದಳು. ಕೇಳುವಂತಿರಲಿಲ್ಲವಲ್ಲ. ನೀರಿನ ದಾರವನ್ನು ಕೊಟ್ಟಳು.

ಮಾರನೇ ಬೆಳಿಗ್ಗೆ ಹೊಲಿಗೆಯವನು ಹಗ್ಗ ಎಳೆದ. ಅಬ್ಬ, ಏನು ಹೇಳೋದು! ನೀರು ಎದ್ದಿತು, ದಾರಿ ಉರುಳಿತು, ಬಾಗಿಲುಗಳು ಪಟಪಟ ಅಂತ ಚೌಕಟ್ಟಿಗೆ ಹೋಗಿ ನಿಂತವು, ಪ್ರತಿ ದಾರಿಯೂ ಒಂದು ಬಾಗಿಲಿಗೇ ಹೋಯಿತು. ದೋಸೆ ದೋಸೆಯ ಹೊತ್ತಿಗೇ ಬೆಂದಿತು. ಸೂರ್ಯನಿಗೆ ಕೂಡ ನೋಡೋಕೆ ಏನೋ ಸಿಕ್ಕಿ ಬೆಪ್ಪುಕಳೆ ಹೋಯಿತು. ಜನ ಹೊಲಿಗೆಯವನನ್ನು ಹೊಗಳಿದರು, ನಗೆಯವನ ಬೆನ್ನನ್ನೂ ತಟ್ಟಿದರು. ಅವನು ನೀರಿನವಳ ಹೊಸ್ತಿಲಿಗೆ ಹೋಗಿ, “ಅಕ್ಕಾ, ನೋಡಿದ್ಯಾ ನನ್ನ ಗೆಳೆಯನ್ನ?” ಅಂದ. ಅವಳು, “ನೋಡ್ತಾ ಇದೀನಿ,” ಅಂದಳು.

ಸ್ವಲ್ಪ ದಿನ ಬಿಟ್ಟು ಹೊಲಿಗೆಯವನು ದಬ್ಬಳ ಹಿಡಿದು ನಗೆಯವನ ಮನೆಗೇ ಬಂದ.

“ಎಲ್ಲ ಬೇಗ ಆಗುತ್ತೆ ಕಣೋ, ನಿನ್ನ ನಗು ಒಂದೇ ತಡ. ಮನೆಮನೆ ಸುತ್ತಿ ನಿನ್ನ ಕಾಲೂ ಸವೆದಿದೆ. ಅದನ್ನೂ ಹಗ್ಗಕ್ಕೆ ಹಾಕಿಬಿಡೋಣ.”

“ಅಕ್ಕನ ಕುಡಿಕೆ ಬೇಡ.”

“ಛೆ ಛೆ, ಅದನ್ನ ಯಾಕೆ ಮುಟ್ಲಿ?”

ನಗೆಯವನು ಕೊಟ್ಟ. ಗೆಳೆಯ ಕೇಳಿದ್ದನ್ನು ಕೊಡದೆ ಇರೋದು ಅವನಿಗೆ ಬರುತ್ತಿರಲಿಲ್ಲ.

ಮರುದಿನ ಹಗ್ಗ ಎಳೆದಾಗ ನೀರಿನ ಹಿಂದೆ, ದಾರಿಯ ಹಿಂದೆ, ಬಾಗಿಲಿನ ಹಿಂದೆ ನಗುವೂ ಬಂತು. ಇಡೀ ಊರು ಒಂದೇ ಸಲ ನಕ್ಕಿತು, ಒಂದೇ ಸಲ ನಿಲ್ಲಿಸಿತು. ಪೈಲ್ವಾನನೂ ಅಜ್ಜಿಯೂ ಒಂದೇ ಅಳತೆಗೆ ನಕ್ಕರು. ಆಮೇಲೆ ಬಾಯಿ ಒರೆಸಿಕೊಂಡು ಕೆಲಸಕ್ಕೆ ಹೋದರು. ನಗೆಯವನು ಬೀದಿಯಲ್ಲಿ ನಿಂತು ತನ್ನ ಹತ್ತಿರ ಇದ್ದದ್ದರಲ್ಲೇ ಒಳ್ಳೇ ತಮಾಷೆ ತೆಗೆದು ಹೇಳಿದ, ಎಮ್ಮೆ ಎದುರು ಉಪ್ಪಿಟ್ಟಿಗೆ ಕಾದವರದ್ದು. ಬಾಗಿಲಿನವನು ಪೂರ್ತಿ ಕೇಳಿಸಿಕೊಂಡ.

“ಚೆನ್ನಾಗಿದೆ,” ಅಂದ.

“ಮತ್ತೆ ನಗು!”

“ಬೆಳಿಗ್ಗೆನೇ ಆಯ್ತಲ್ಲಯ್ಯ.”

ದಾರಿಯವನೂ ಅದನ್ನೇ ಹೇಳಿದ. ಅಜ್ಜಿಯೂ ಅದನ್ನೇ ಹೇಳಿದಳು, ಬೆಳಿಗ್ಗೆನೇ ಆಯ್ತಲ್ಲಪ್ಪ. ಯಾರಿಗೂ ಸಿಟ್ಟಿಲ್ಲ, ಬೇಸರವಿಲ್ಲ. ಹಲ್ಲುಜ್ಜಿ ಆಯಿತು ಅನ್ನೋ ಹಾಗೆ ಹೇಳುತ್ತಿದ್ದರು. ನಗೆಯವನು ತನ್ನ ಮುಖ ಮುಟ್ಟಿ ನೋಡಿಕೊಂಡ. ಅಲ್ಲೂ ಖಾಲಿ.

ನೆಟ್ಟಗೆ ಹೊಲಿಗೆಯವನ ಅಂಗಳಕ್ಕೆ ಹೋದ. ಗೆಳೆಯ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ.

“ನನ್ನ ನಗು ಎಳ್ಕೊಂಡು ಹೋಗ್ತೀನಿ. ಬಿಡಿಯಾಗೇ ಇರಲಿ.”

“ಎಳ್ಕೊ,” ಅಂದ ಹೊಲಿಗೆಯವನು. “ಯಾರು ಬೇಡ ಅಂದೋರು?”

ನಗೆಯವನು ತನ್ನ ಗಂಟಿನ ತುದಿ ಹುಡುಕಿ ಮೆಲ್ಲಗೆ ಎಳೆದ. ಗಂಟು ಸುರ್ರನೆ ಬಿಟ್ಟಿತು. ಅದು ಬಿಟ್ಟಿದ್ದೇ ತಡ ಪಕ್ಕದ ಗಂಟೂ ಬಿಟ್ಟಿತು. ಹೊರಗೆ ಎರಡು ಮನೆಯ ಬಾಗಿಲು ದಢಾರನೆ ಬಿದ್ದವು. ದಾರಿಯ ಅಂಚು ಎದ್ದು ಸುರುಳಿಯಾಗತೊಡಗಿತು, ಅದರ ಮೇಲೆ ನಡೆಯುತ್ತಿದ್ದ ಬಸುರಿ ಹೆಂಗಸೊಬ್ಬಳು ಚೀರಿದಳು. ನಗೆಯವನು ಗಾಬರಿಯಾಗಿ ಗಂಟನ್ನು ಇದ್ದ ಹಾಗೇ ಒತ್ತಿ ಹಾಕಿದ. ದಾರಿ ಮತ್ತೆ ಚಪ್ಪಟೆಯಾಯಿತು.

“ಇದೇನೋ ಇದು?”

“ಗಂಟು ಬಿಚ್ಚಿತಾ ಇಲ್ವಾ?”

“ಬಿಚ್ಚಿತು.”

“ಮತ್ತೆ? ನಿಯಮ ಕೇಳೋದು ಅಷ್ಟೇ ತಾನೆ? ಒಂದರ ಜೊತೆಗೆ ಇನ್ನೊಂದು ಬರಬಾರದು ಅಂತ ಎಲ್ಲಿದೆ?” ಹೊಲಿಗೆಯವನು ಮಗುವಿನ ಬೆನ್ನು ಸವರುತ್ತಾ ಹೇಳಿದ, ದನಿಯಲ್ಲಿ ಒಂದು ಚೂರೂ ಕೆಟ್ಟತನ ಇರಲಿಲ್ಲ. “ಎಲ್ಲ ಒಂದಕ್ಕೊಂದು ಹೊಂದ್ಕೋಬೇಕು ಅಂದ್ರೆ ಎಲ್ಲ ಒಂದಕ್ಕೊಂದು ಅಂಟ್ಕೋಬೇಕು ಕಣೋ. ಬೇರೆ ದಾರಿ ಇಲ್ಲ. ನೀನು ಅವತ್ತು ಎಳೆದು ನೋಡಿದ್ದರೆ ಆವಾಗಲೇ ಹೇಳ್ತಿದ್ದೆ.”

“ನೀನೇ ತಾನೆ ಬೇಡ ಅಂದಿದ್ದು!”

“ಬೇಡ ಅನ್ನಲಿಲ್ಲ. ಬೇಕಾ ಅಂತ ಕೇಳಿದೆ.”

ನಗೆಯವನಿಗೆ ಕಪಾಳಕ್ಕೆ ಹೊಡೆದಂತಾಯಿತು. ತಗ್ಗಿದ ಕಣ್ಣಿಗೆ ಹಗ್ಗದ ಹೊಲಿಗೆಯಲ್ಲಿ ಇನ್ನೊಂದು ಎಳೆ ಕಂಡಿತು. ನೀರಿನ ದಾರದ ಪಕ್ಕದಲ್ಲೇ ತೆಳ್ಳಗೆ, ಸೆರಗಿನ ಬಣ್ಣದ್ದು.

“ಇದು ಅಕ್ಕನ ಕುಡಿಕೆಯದ್ದು.”

“ಹೂಂ. ನಿನ್ನೆ ಸಂಜೆ ನಿನ್ನ ನಗು ಹೊಲಿಯೋಕೆ ನೀರಿನ ದಾರ ಬಿಗಿಯಾಗಿ ಎಳೆದೆ, ಅದಕ್ಕೆ ಸಿಕ್ಕಿಕೊಂಡು ಇದೂ ಬಂತು. ಬಿಡಿಸೋಕೆ ಹೋದರೆ ಎರಡೂ ಹರಿಯೋದು. ಬಿಗಿ ಮಾಡಿದ್ದೀನಿ, ನಾಳೆಯಿಂದ ಅದೂ ಒಟ್ಟಿಗೇ ಏಳುತ್ತೆ.” ಹೊಲಿಗೆಯವನು ಮುಖ ಎತ್ತಿದ. “ಒಂಟಿಯಾಗಿ ಕೂತಿರ್ತಾಳೆ ಪಾಪ. ನಗಲಿ ಬಿಡೋ. ನಿನಗೂ ಅದೇ ತಾನೆ ಬೇಕಾಗಿದ್ದು?”

ನಗೆಯವನು ಓಡಿದ. ನೀರಿನವಳು ಬಾವಿಕಟ್ಟೆಯ ಮೇಲೆ ಕೂತಿದ್ದಳು. ಮಾಡೋಕೆ ಕೆಲಸವಿಲ್ಲದೆ ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವನು ಎಲ್ಲ ಹೇಳಿದ. ಕೈ ಚಾಚಿದ್ದು, ಹಿಂದಕ್ಕೆ ತಂದದ್ದು, ಮೊಟಕಿದ್ದು.

“ಬಿಚ್ಚಿ ನೋಡಲಿಲ್ಲ ಅಕ್ಕ.”

ಅವಳು ಸೆರಗು ತೆಗೆದು ನೋಡಿದಳು. ಅಲ್ಲಿ ಗಂಟಿನ ಗುರುತು ಇತ್ತು, ದಾರ ಇರಲಿಲ್ಲ.

“ಅವನು ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ,” ಅಂದಳು. “ಅವನು ಗೋಡೆಯ ಈಚೆ ನಿಂತಿದ್ದವನು. ಭಯಪಟ್ಟವನು ಹಗ್ಗ ಹೊಲೀತಾನೆ. ನಿನಗೆ ಏನಾಗಿತ್ತೋ?”

“ಅವನು ನನ್ನ ಗೆಳೆಯ ಅಂತ...”

“ನಾನು ಯಾರಾಗಿದ್ದೆ?”

ಅವಳು ಎದ್ದು ಸೆರಗು ಕೊಡವಿಕೊಂಡಳು. “ನಾಳೆ ನನ್ನ ಬಾಯಿಂದ ಅದು ಬರೋವಾಗ ನೀನು ನನ್ನೆದುರು ಇರಕೂಡದು,” ಅಂದು ಒಳಗೆ ಹೋದಳು.

ನಾಳೆ ಆಗೋದಕ್ಕೆ ಬಿಡಬಾರದು ಅಂತ ನಗೆಯವನು ಹಿಂದಕ್ಕೆ ಬಂದ. ನಟ್ಟನಡು ಮಧ್ಯಾಹ್ನ, ಊರೆಲ್ಲ ಬೀದಿಯಲ್ಲಿತ್ತು. ಹೊಲಿಗೆಯವನ ಅಂಗಳದಿಂದ ಹಗ್ಗವನ್ನು ಎಳೆದುಕೊಂಡು ಕಟ್ಟೆಯ ಮೇಲೆ ತಂದು ಹಾಕಿ, ದಾರಿಯ ಮೇಲಿದ್ದವರನ್ನೆಲ್ಲ ಇಳೀರಿ ಇಳೀರಿ ಅಂತ ಕೂಗಿ ಇಳಿಸಿ, ಎರಡು ಕೈಯಲ್ಲೂ ಸಿಕ್ಕ ತುದಿಗಳನ್ನೆಲ್ಲ ಹಿಡಿದು ಜಗ್ಗಿದ.

ಊರು ಬಿಚ್ಚಿಕೊಂಡಿತು. ಬಾಗಿಲುಗಳು ಬಿದ್ದವು. ದಾರಿ ಸುರುಳಿ ಸುತ್ತಿ ಮೂಲೆಗೆ ಹೋಯಿತು. ಬಾವಿಯಲ್ಲಿ ನೀರು ಗುಳುಂ ಅಂದು ಇಳಿಯಿತು. ಬರಿ ಮಣ್ಣಿನ ಮೇಲೆ ಜನ ನಿಂತರು, ತಲೆಯ ಮೇಲೆ ಬಿಸಿಲು.

“ನಿಮ್ಮ ನಿಮ್ಮ ದಾರ ತಗೊಳ್ಳಿ!” ಅಂತ ನಗೆಯವನು ಕೂಗಿದ. “ಬೇಗ, ಬೇಗ! ಮೊದಲಿನ ಹಂಗೇ ಕಟ್ಟೋಣ!”

ದಾರಿಯವನು ಬಂದು ತನ್ನ ದಾರ ಹುಡುಕಿ ತೆಗೆದ. ಅದು ಗೇಣುದ್ದ ಇತ್ತು. ಬಾಗಿಲಿನವನದೂ ಗೇಣುದ್ದ. ಹಗ್ಗದ ಅಳತೆಗೆ ಎಲ್ಲರದ್ದನ್ನೂ ಕತ್ತರಿಸಿ ಹೊಲಿದಿದ್ದ ಹೊಲಿಗೆಯವನು. ದಾರಿಯವನೂ ಬಾಗಿಲಿನವನೂ ಎದುರುಬದುರು ನಿಂತು, ದಾರದ ತುದಿಗಳನ್ನು ಒಂದರ ಕಡೆಗೊಂದು ಚಾಚಿದರು. ಮುಟ್ಟಲಿಲ್ಲ. ಇನ್ನೂ ಚಾಚಿದರು. ಮುಟ್ಟಲಿಲ್ಲ.

“ಉದ್ದದ ದಾರ ಎಲ್ಲಿ ಸಿಗುತ್ತೆ?” ಅಂದ ದಾರಿಯವನು.

“ಹೊಲಿಗೆಯವನ ಹತ್ತಿರ,” ಅಂದ ಬಾಗಿಲಿನವನು.

ಎಲ್ಲಿಂದಲೋ ಒಂದು ಮಗು ನೀರು ಅಂತ ಅತ್ತಿತು. ಯಾರೋ ಹೆಂಗಸು, “ಈ ಹುಚ್ಚನಿಗೆ ಏನು ಕೇಡುಗಾಲ ಬಂತೋ,” ಅಂದಳು. ಬಸುರಿ ಹೆಂಗಸು ನೆರಳಿಲ್ಲದೆ ಗೋಡೆ ಹಿಡಿದು ನಿಂತಿದ್ದಳು. ಜನ ನಗೆಯವನನ್ನು ನೋಡುತ್ತಿದ್ದ ರೀತಿ ಬೇರೆಯಾಯಿತು.

ಆಗ ಹೊಲಿಗೆಯವನು ಬಂದ. ಓಡಿ ಬರಲಿಲ್ಲ, ನಡೆದೇ ಬಂದ. ಹೆಗಲ ಮೇಲೆ ಮಗು, ಕೈಯಲ್ಲಿ ದಬ್ಬಳ. ನಗೆಯವನ ಕಡೆ ನೋಡಲಿಲ್ಲ. ಕಟ್ಟೆಯ ಮೇಲೆ ಕೂತು, ಬಿಚ್ಚಿಕೊಂಡ ಗಂಟುಗಳನ್ನು ಒಂದೊಂದಾಗಿ ಮತ್ತೆ ಹಾಕಿದ. ಸೆರಗಿನ ಬಣ್ಣದ ಎಳೆಯನ್ನೂ ಹಾಕಿದ. ನಗೆಯವನು ಹೋಗಿ ಅವನ ಕೈ ಹಿಡಿದ.

“ಅದೊಂದು ಬಿಡೋ. ನಿನ್ನ ಕಾಲಿಗೆ ಬೀಳ್ತೀನಿ, ಅದೊಂದು ಬಿಡು.”

“ಬಿಟ್ಟರೆ ನೀರೂ ಬರಲ್ಲ,” ಅಂದ ಹೊಲಿಗೆಯವನು. “ಮಗು ಅಳ್ತಾ ಇದೆ, ಕೇಳಿಸ್ತಾ ಇಲ್ವಾ?”

ಪೈಲ್ವಾನ ಬಂದು ನಗೆಯವನನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ಇಟ್ಟ, ಸಾಮಾನು ಎತ್ತಿಡುವ ಹಾಗೆ. ನೀರಿನವಳು ತನ್ನ ಮನೆಯ ಮುಂದೆ, ಬಾಗಿಲಿಲ್ಲದ ಚೌಕಟ್ಟಿನಲ್ಲಿ ನಿಂತಿದ್ದಳು. ಹೋಗಿ ಮರೆಯಾಗಬೇಕು ಅಂದುಕೊಂಡ ನಗೆಯವನು, ಅವಳೆದುರು ಇರಬಾರದು ಅಂದಿದ್ದಳಲ್ಲ. ಹೋಗೋಕೆ ದಾರಿ ಇರಲಿಲ್ಲ.

ಹೊಲಿಗೆಯವನು ಹಗ್ಗ ಎಳೆದ.

ನೀರು ಎದ್ದಿತು. ದಾರಿ ಉರುಳಿತು. ಬಾಗಿಲುಗಳು ಪಟಪಟ ಅಂತ ಹೋಗಿ ನಿಂತವು. ಆಮೇಲೆ ನಗು ಬಂತು.

ಪೈಲ್ವಾನ ನಕ್ಕ, ಅಜ್ಜಿ ನಕ್ಕಳು, ಬಸುರಿ ಹೆಂಗಸು ಗೋಡೆ ಬಿಟ್ಟು ಹೊಟ್ಟೆ ಹಿಡಿದು ನಕ್ಕಳು. ಎಲ್ಲರ ನಡುವೆ, ಇವತ್ತಿನ ತನಕ ಯಾರೂ ಕೇಳದ ಒಂದು ದನಿ ಕೇಳಿಸಿತು. ಹೆಂಚು ಹಾರುವಂಥದ್ದಲ್ಲ. ಹೊಸದಾಗಿ ಮಾತು ಬಂದ ಹುಡುಗಿಯ ನಗುವಿನಷ್ಟು ಸಣ್ಣದು. ನೀರಿನವಳು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡು ಅದನ್ನು ಒಳಕ್ಕೆ ತಳ್ಳುತ್ತಿದ್ದಳು. ಬೆರಳ ಸಂದಿಯಿಂದ ಅದು ಸೋರಿ ಸೋರಿ ಬೀದಿಗೆ ಬೀಳುತ್ತಿತ್ತು. ಅವಳ ಕಣ್ಣು ಮಾತ್ರ ನಗೆಯವನ ಮೇಲೇ ಇತ್ತು.

ಅಕ್ಕಾ ಅಂತ ಕೂಗೋಕೆ ಅವನು ಬಾಯಿ ತೆರೆದ. ತೆರೆದ ಬಾಯಿಂದ ಹಹ್ಹಹ್ಹಾ ಅಂತ ಬಂತು. ಹಲ್ಲು ಕಚ್ಚಿದ, ನಿಲ್ಲಲಿಲ್ಲ. ಕೂತ, ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಧಾರಾಕಾರ ಇಳಿಯುತ್ತಿತ್ತು. ಊರಿನ ಅಳತೆಗೆ ಸರಿಯಾಗಿ, ಊರಿಗಿಂತ ಜೋರಾಗಿ, ಅವಳ ಕಣ್ಣೆದುರಿಗೇ ಅವನು ನಗುತ್ತಿದ್ದ.

ಹೊಲಿಗೆಯವನು ಹಗ್ಗ ಸುತ್ತಿಟ್ಟು ಬಂದು ಅವನ ಪಕ್ಕ ಕೂತು, ಹೆಗಲ ಮೇಲೆ ಕೈ ಹಾಕಿದ.

“ನೋಡಿದ್ಯಾ,” ಅಂದ ಪ್ರೀತಿಯಿಂದ. “ನೀನು ಹೀಗೆ ಮನಸಾರೆ ನಕ್ಕು ಎಷ್ಟು ದಿನ ಆಗಿತ್ತೋ.”